ಮರದಚ್ಚಿನ ಕ್ರೈಸ್ತ ಚಿತ್ರವನ್ನು ಓದುವ ಬಗೆ: ಗೆರೆ, ಸಂಕೇತ ಮತ್ತು ಭಾವ

ಮರದ ಹಲಗೆಯ ಮೇಲೆ ಚಿತ್ರ ಬರೆದು, ಬಿಳಿಯಾಗಿ ಕಾಣಬೇಕಾದ ಭಾಗಗಳನ್ನೆಲ್ಲ ಕೆತ್ತಿ ತೆಗೆದು, ಎದ್ದು ನಿಂತ ಭಾಗಕ್ಕೆ ಮಸಿ ಸವರಿ ಕಾಗದ ಒತ್ತಿದರೆ ಮೂಡುವುದು ಮರದಚ್ಚಿನ ಚಿತ್ರ. ನಮ್ಮ ಕಲಾಶಾಲೆಗಳಲ್ಲಿ ಇದನ್ನು ವುಡ್‌ಕಟ್ ಎಂದೇ ಕರೆಯುವುದು ರೂಢಿ. ಯುರೋಪಿನಲ್ಲಿ ಸುಮಾರು 1400ರಿಂದ ಈಚೆಗೆ ಹೀಗೆ ಕಾಗದದ ಮೇಲೆ ಒತ್ತಿದ ಚಿತ್ರಗಳು ಹಬ್ಬಿದಾಗ ಅವುಗಳಲ್ಲಿ ಬಹುಪಾಲು ಕ್ರಿಸ್ತನವು, ಮರಿಯಳವು, ಸಂತರವು ಆಗಿದ್ದವು. ಬಣ್ಣದ ಚಿತ್ರಫಲಕವನ್ನು ಬರೆಯಿಸುವ ಶಕ್ತಿಯಿಲ್ಲದ ಮನೆಗಳಿಗೂ ದೇವರ ಚಿತ್ರ ತಲುಪಿದ್ದು ಈ ಅಗ್ಗದ ಹಾಳೆಗಳ ಮೂಲಕ.

ಇಂಥ ಚಿತ್ರವನ್ನು ಅರ್ಥಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಸಂಕೇತಗಳ ಪಟ್ಟಿಯನ್ನು ಹುಡುಕುತ್ತಾರೆ: ಕುರಿಮರಿ ಎಂದರೆ ಕ್ರಿಸ್ತ, ಬಿಳಿ ಲಿಲ್ಲಿ ಎಂದರೆ ಮರಿಯಳ ನಿರ್ಮಲತೆ, ಬೀಗದ ಕೈ ಎಂದರೆ ಕ್ರಿಸ್ತನ ಶಿಷ್ಯ ಪೇತ್ರ. ಪಟ್ಟಿ ಬೇಕಾದದ್ದೇ. ಆದರೆ ಅಲ್ಲಿಂದಲೇ ಆರಂಭಿಸಿದವರಿಗೆ ಚಿತ್ರದ ಭಾವ ಕೈಗೆ ಸಿಗುವುದು ಕಷ್ಟ, ಏಕೆಂದರೆ ಮರದಚ್ಚಿನಲ್ಲಿ ಭಾವವು ಮುಖಗಳಿಗಿಂತ ಹೆಚ್ಚಾಗಿ ಗೆರೆಯ ದಪ್ಪದಲ್ಲಿ, ಅದರ ದಿಕ್ಕಿನಲ್ಲಿ, ಕಪ್ಪು ಬಿಳುಪುಗಳ ಹಂಚಿಕೆಯಲ್ಲಿ ಅಡಗಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ಬೇರೆ: ಮೊದಲು ಕೆತ್ತನೆ, ಆಮೇಲೆ ಬೈಬಲಿನ ವಾಕ್ಯಭಾಗ, ಆಮೇಲೆ ಸಂಕೇತ, ಕೊನೆಗೆ ಕಲಾವಿದನು ರೂಢಿಯನ್ನು ಎಲ್ಲಿ ಬಿಟ್ಟನು ಎಂಬ ಪ್ರಶ್ನೆ. ಉದಾಹರಣೆಗೆ ಎರಡು ಚಿತ್ರಗಳನ್ನು ಆರಿಸಿಕೊಂಡಿದ್ದೇನೆ. ಒಂದು, ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ 1498ರಲ್ಲಿ ಪ್ರಕಟಿಸಿದ ‘ನಾಲ್ವರು ಕುದುರೆ ಸವಾರರು’. ಇನ್ನೊಂದು, ಅದೇ ಜರ್ಮನಿಯಲ್ಲಿ ನಾಲ್ಕು ಶತಮಾನಗಳ ಬಳಿಕ, 1918ರಲ್ಲಿ, ಕಾರ್ಲ್ ಶ್ಮಿಟ್-ರೊಟ್ಲುಫ್ ಕೆತ್ತಿದ ಕ್ರಿಸ್ತನ ಮುಖ.

ಸಿದ್ಧತೆ: ಯಾವ ಪ್ರತಿಯನ್ನು ನೋಡಬೇಕು

ಡ್ಯೂರರ್ ಅವರ ಚಿತ್ರದ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮೊದಲಾದ ಹಲವು ಸಂಗ್ರಹಾಲಯಗಳಲ್ಲಿವೆ. ಅವುಗಳ ಜಾಲತಾಣಗಳಲ್ಲಿ ದೊಡ್ಡ ಗಾತ್ರದ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಮೂಲ ಚಿತ್ರ ಸುಮಾರು 39 ಸೆಂ.ಮೀ. ಎತ್ತರ, 28 ಸೆಂ.ಮೀ. ಅಗಲ ಇದೆ, ಅಂದರೆ ಎ3 ಹಾಳೆಯಲ್ಲಿ ಮುದ್ರಿಸಿಕೊಂಡರೆ ಹೆಚ್ಚುಕಡಿಮೆ ನಿಜವಾದ ಗಾತ್ರದಲ್ಲಿಯೇ ನೋಡಬಹುದು. ಹಾಗೆ ಮುದ್ರಿಸಿಕೊಳ್ಳುವುದು ಒಳ್ಳೆಯದು. ಮೊಬೈಲ್ ಪರದೆಯಲ್ಲಿ ಹಿಗ್ಗಿಸಿದಾಗ ಗೆರೆ ಕಾಣುತ್ತದೆ, ಇಡೀ ಚಿತ್ರ ಕಾಣುವುದಿಲ್ಲ. ಕುಗ್ಗಿಸಿದಾಗ ಇಡೀ ಚಿತ್ರ ಕಾಣುತ್ತದೆ, ಗೆರೆಗಳೆಲ್ಲ ಬೂದು ಬಣ್ಣಕ್ಕೆ ಕರಗಿಬಿಡುತ್ತವೆ. ಓದುವ ಮೇಜಿನ ಮೇಲೆ ತೋಳಳತೆಯ ದೂರದಲ್ಲಿ ಇಟ್ಟ ಹಾಳೆಯಲ್ಲಿ ಮಾತ್ರ ಎರಡೂ ಒಟ್ಟಿಗೆ ಸಿಗುತ್ತವೆ, ಮತ್ತು ಆ ಕಾಲದ ಓದುಗರು ನೋಡಿದ್ದೂ ಹಾಗೆಯೇ.

ಒಂದು ಎಚ್ಚರಿಕೆಯೂ ಬೇಕು. ಅದೇ ಹಲಗೆಯಿಂದ ಹಲವು ವರ್ಷ ಚಿತ್ರ ಒತ್ತುತ್ತ ಹೋದಂತೆ ತೆಳು ಗೆರೆಗಳು ಮುರಿಯುತ್ತವೆ, ಹಲಗೆಗೆ ಹುಳು ಹಿಡಿದರೆ ಕಪ್ಪಿನ ನಡುವೆ ಸಣ್ಣ ಬಿಳಿ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಅವನ್ನು ಕಲಾವಿದನ ಉದ್ದೇಶವೆಂದು ಓದಬಾರದು. ಸಾಧ್ಯವಾದರೆ ಒಂದೇ ಚಿತ್ರದ ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿರಿ; ಒಂದರಲ್ಲಿ ಮಾತ್ರ ಕಾಣುವ ಬಿರುಕು ಹಲಗೆಯ ವಯಸ್ಸನ್ನು ಹೇಳುತ್ತದೆ, ಚಿತ್ರದ ಅರ್ಥವನ್ನಲ್ಲ.

ಮೊದಲ ಹೆಜ್ಜೆ: ಕೆತ್ತನೆಯನ್ನು ಓದುವುದು

ಚಿತ್ರದಲ್ಲಿ ಯಾರಿದ್ದಾರೆ ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹಾಳೆಯನ್ನು ತಲೆಕೆಳಗಾಗಿ ತಿರುಗಿಸಿ, ಎಲ್ಲಿ ಕಪ್ಪು ದಟ್ಟವಾಗಿದೆ, ಎಲ್ಲಿ ಕಾಗದ ಖಾಲಿ ಉಳಿದಿದೆ ಎಂಬುದನ್ನಷ್ಟೇ ಗಮನಿಸಿರಿ. ತಲೆಕೆಳಗಾದ ಚಿತ್ರದಲ್ಲಿ ಮುಖಗಳು ಕಣ್ಣನ್ನು ಸೆಳೆಯುವುದಿಲ್ಲವಾದ್ದರಿಂದ ಕಪ್ಪು ಬಿಳುಪಿನ ಲೆಕ್ಕ ನೇರವಾಗಿ ಕಾಣುತ್ತದೆ.

ಇಲ್ಲಿ ನೆನಪಿಡಬೇಕಾದ ಮಾತೊಂದಿದೆ. ಲೇಖನಿಯಿಂದ ಎಳೆದ ಗೆರೆಗೆ ಒಂದು ಕ್ಷಣ ಸಾಕು. ಮರದಚ್ಚಿನಲ್ಲಿ ಅದೇ ಗೆರೆ ಉಳಿಯಬೇಕಾದರೆ ಅದರ ಎರಡೂ ಬದಿಯ ಮರವನ್ನು ಕೆತ್ತಿ ತೆಗೆಯಬೇಕು. ಗೆರೆಗಳು ಒಂದನ್ನೊಂದು ಕತ್ತರಿಸುವ ಜಾಗದಲ್ಲಿ ನಡುವಿನ ಪ್ರತಿಯೊಂದು ಪುಟ್ಟ ಬಿಳಿ ಚೌಕವನ್ನೂ ಬೇರೆ ಬೇರೆಯಾಗಿ ತೆಗೆಯಬೇಕು. ಹೀಗಾಗಿ ಮರದಚ್ಚಿನಲ್ಲಿ ಸುಮ್ಮನೆ ಬಂದ ಗೆರೆ ಎಂಬುದು ಬಹಳ ಕಡಿಮೆ. ನೂರಾರು ಗೆರೆಗಳನ್ನು ಎಲ್ಲಿ ಕೂಡಿಸಲಾಗಿದೆಯೋ ಅಲ್ಲಿ ಶ್ರಮವನ್ನು ಖರ್ಚುಮಾಡಲಾಗಿದೆ, ಮತ್ತು ಅಷ್ಟು ಶ್ರಮಕ್ಕೆ ಕಾರಣವಿರುತ್ತದೆ. ಡ್ಯೂರರ್ ತಮ್ಮ ಹಲಗೆಗಳನ್ನು ತಾವೇ ಕೆತ್ತಿದರೋ, ವೃತ್ತಿಯ ಕೆತ್ತನೆಗಾರರಿಂದ ಮಾಡಿಸಿದರೋ ಎಂಬುದು ಇತಿಹಾಸಕಾರರ ನಡುವೆ ಚರ್ಚೆಯ ವಿಷಯ. ಯಾರ ಕೈಯೇ ಆಗಿರಲಿ, ಈ ಮಾತು ಹಾಗೆಯೇ ನಿಲ್ಲುತ್ತದೆ.

‘ನಾಲ್ವರು ಕುದುರೆ ಸವಾರರು’ ಚಿತ್ರದ ಹಿನ್ನೆಲೆಯನ್ನು ನೋಡಿರಿ. ಸವಾರರ ಹಿಂದಿನ ಆಕಾಶದಲ್ಲಿ ಅಡ್ಡಗೆರೆಗಳು ಸಾಲಾಗಿ, ಒತ್ತೊತ್ತಾಗಿ, ನೆಲಕ್ಕೆ ಸಮಾನಾಂತರವಾಗಿ ಓಡುತ್ತವೆ. ಕುದುರೆಗಳ ಮೈಮೇಲಿನ ಗೆರೆಗಳಾದರೋ ಬಾಗಿವೆ, ಸ್ನಾಯುವಿನ ಉಬ್ಬನ್ನು ಹಿಂಬಾಲಿಸುತ್ತ ದಪ್ಪವಾಗಿ ಮತ್ತೆ ತೆಳ್ಳಗಾಗುತ್ತವೆ. ನೇರವಾದ ಅಡ್ಡಗೆರೆಗಳ ಮುಂದೆ ಬಾಗಿದ ಗೆರೆಗಳು ಬಂದಾಗ ಮೈಗಳು ಮುಂದಕ್ಕೆ ಚಿಮ್ಮಿದಂತೆ ಕಾಣುತ್ತವೆ. ಚಿತ್ರವನ್ನು ಕಂಡೊಡನೆ ನಮ್ಮಲ್ಲಿ ಮೂಡುವ ಧಾವಂತ, ತಡೆಯಲಾಗದ್ದೇನೋ ಬರುತ್ತಿದೆ ಎಂಬ ಅನುಭವ, ಯಾವ ಮುಖವನ್ನೂ ನೋಡುವ ಮೊದಲೇ ಈ ಗೆರೆಗಳಿಂದ ಬಂದುಬಿಟ್ಟಿರುತ್ತದೆ. ಓಟದ ದಿಕ್ಕು ಎಡದಿಂದ ಬಲಕ್ಕೆ. ಅಚ್ಚೊತ್ತಿದಾಗ ಚಿತ್ರ ತಿರುಗುಮುರುಗಾಗುವುದರಿಂದ ಹಲಗೆಯ ಮೇಲೆ ಅವರು ಬಲದಿಂದ ಎಡಕ್ಕೆ ಓಡುತ್ತಿದ್ದರು. ಓದುವ ಕಣ್ಣು ಚಲಿಸುವ ದಿಕ್ಕಿನಲ್ಲಿಯೇ ಸವಾರರೂ ಓಡುವಂತೆ ಈ ಅದಲುಬದಲನ್ನು ಮೊದಲೇ ಲೆಕ್ಕಹಾಕಿ ಬರೆಯಲಾಗಿದೆ.

ಕೆತ್ತನೆಯನ್ನು ಓದುವಾಗ ಮರದ ಸೆಲೆಯನ್ನೂ, ಅಂದರೆ ಮರದ ಮೈಯಲ್ಲಿ ಕಾಣುವ ಎಳೆಗಳನ್ನೂ, ಹುಡುಕಬೇಕು. ಡ್ಯೂರರ್ ಕಾಲದಲ್ಲಿ ಪೇರ್ ಮರದಂಥ ಒತ್ತಾದ, ನಯವಾದ ಮರವನ್ನು ಬಳಸಿ ಸೆಲೆಯನ್ನು ಮರೆಮಾಡುತ್ತಿದ್ದರು. 20ನೇ ಶತಮಾನದ ಜರ್ಮನ್ ಅಭಿವ್ಯಕ್ತಿವಾದಿಗಳು, ಅಂದರೆ ಕಂಡ ರೂಪಕ್ಕಿಂತ ಒಳಗಿನ ಭಾವಕ್ಕೆ ಒತ್ತು ಕೊಟ್ಟ ಕಲಾವಿದರು, ಅದನ್ನು ಬೇಕೆಂದೇ ಹೊರಗೆ ತಂದರು. ಎಮಿಲ್ ನೋಲ್ಡೆ 1912ರಲ್ಲಿ ಕೆತ್ತಿದ ‘ಪ್ರವಾದಿ’ ಎಂಬ ಚಿತ್ರದಲ್ಲಿ ಪ್ರಭಾವಳಿಯಿಲ್ಲ, ಗ್ರಂಥವಿಲ್ಲ, ಕೋಲಿಲ್ಲ. ಗುಳಿಬಿದ್ದ ಕಣ್ಣುಗಳು, ಕೆಳಗೆ ಜೋಲುವ ಗಡ್ಡ, ಒರಟಾಗಿ ಕಿತ್ತ ಮರದ ಗುರುತು, ಇಷ್ಟೇ. ಅಲ್ಲಿ ಸಂಕೇತವೇ ಇಲ್ಲ, ಭಾವಕ್ಕೆ ಕೊರತೆಯೂ ಇಲ್ಲ. ಸಂಕೇತಗಳ ಪಟ್ಟಿಯನ್ನು ಹಿಡಿದು ಹೊರಟವರಿಗೆ ಆ ಚಿತ್ರ ಏನನ್ನೂ ಕೊಡುವುದಿಲ್ಲ.

ಎರಡನೆಯ ಹೆಜ್ಜೆ: ವಾಕ್ಯಭಾಗವನ್ನು ತೆರೆದಿಡುವುದು

ಈಗ ಬೈಬಲನ್ನು ತೆರೆಯಿರಿ. ಕುದುರೆ ಸವಾರರ ಪ್ರಸಂಗ ಹೊಸ ಒಡಂಬಡಿಕೆಯ ಕೊನೆಯ ಗ್ರಂಥವಾದ ಪ್ರಕಟನೆಯ 6ನೇ ಅಧ್ಯಾಯದ ಮೊದಲ 8 ವಚನಗಳಲ್ಲಿದೆ. ಕುರಿಮರಿಯು ಸುರುಳಿಯೊಂದರ ಮುದ್ರೆಗಳನ್ನು ಒಂದೊಂದಾಗಿ ಒಡೆಯುತ್ತದೆ. ಮೊದಲು ಬಿಳೀ ಕುದುರೆಯ ಮೇಲೆ ಬಿಲ್ಲು ಹಿಡಿದವನು ಬರುತ್ತಾನೆ, ಅವನಿಗೆ ಕಿರೀಟ ಕೊಡಲಾಗುತ್ತದೆ. ಆಮೇಲೆ ಕೆಂಪು ಕುದುರೆ, ಅದರ ಸವಾರನಿಗೆ ದೊಡ್ಡ ಕತ್ತಿ. ಮೂರನೆಯದು ಕಪ್ಪು ಕುದುರೆ, ಸವಾರನ ಕೈಯಲ್ಲಿ ತಕ್ಕಡಿ. ನಾಲ್ಕನೆಯದು ನಿಸ್ತೇಜವಾದ ಬಣ್ಣದ ಕುದುರೆ. ಅದರ ಮೇಲೆ ಕುಳಿತವನ ಹೆಸರು ಮೃತ್ಯು, ಪಾತಾಳವು ಅವನ ಹಿಂದೆಯೇ ಬರುತ್ತದೆ.

ವಚನಗಳನ್ನೂ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಎರಡು ಪಟ್ಟಿ ಮಾಡಿಕೊಳ್ಳಿ: ಗ್ರಂಥದಲ್ಲಿದ್ದು ಚಿತ್ರದಲ್ಲಿ ಇಲ್ಲದಿರುವುದು, ಚಿತ್ರದಲ್ಲಿದ್ದು ಗ್ರಂಥದಲ್ಲಿ ಇಲ್ಲದಿರುವುದು. ಈ ಎರಡು ಪಟ್ಟಿಗಳಷ್ಟು ಉಪಯುಕ್ತವಾದ ಸಾಧನ ಈ ಕೆಲಸದಲ್ಲಿ ನನಗೆ ಬೇರೊಂದು ಕಂಡಿಲ್ಲ.

ಗ್ರಂಥದಲ್ಲಿದ್ದು ಚಿತ್ರದಲ್ಲಿ ಇಲ್ಲದ್ದು ಬಣ್ಣ. ಗ್ರಂಥವು ಕುದುರೆಗಳನ್ನು ಬಣ್ಣದಿಂದಲೇ ಬೇರೆಮಾಡುತ್ತದೆ. ಅಂದಿನ ಮರದಚ್ಚಿನ ಚಿತ್ರಗಳಿಗೆ ಆಮೇಲೆ ಕೈಯಿಂದ ಬಣ್ಣ ತುಂಬುವ ವಾಡಿಕೆಯಿತ್ತು. ಡ್ಯೂರರ್ ಅವರ ಹಲಗೆಯಾದರೋ ಬಣ್ಣದ ನೆರವನ್ನು ಬೇಡುವುದಿಲ್ಲ. ಅವರು ಆಯುಧದಿಂದ, ಉಡುಪಿನಿಂದ, ಸ್ಥಾನದಿಂದ ಸವಾರರನ್ನು ಗುರುತಿಸುವಂತೆ ಮಾಡಿದ್ದಾರೆ: ಬಿಲ್ಲಿನವನು ಎಲ್ಲರಿಗಿಂತ ದೂರದಲ್ಲಿ, ಮೇಲೆ ಬಲಕ್ಕೆ, ಕತ್ತಿಯವನು ಅವನ ಪಕ್ಕದಲ್ಲಿ, ತಕ್ಕಡಿಯವನು ನಡುವೆ, ದೊಡ್ಡದಾಗಿ, ಮೃತ್ಯು ಕೆಳಗೆ ಎಡಕ್ಕೆ, ನಮಗೆ ಅತಿ ಹತ್ತಿರದಲ್ಲಿ. ಕಾಲದಲ್ಲಿ ಒಬ್ಬರ ಹಿಂದೆ ಒಬ್ಬರು ಬಂದವರು ಇಲ್ಲಿ ಜಾಗದಲ್ಲಿ ದೂರದಿಂದ ಹತ್ತಿರಕ್ಕೆ ಬರುತ್ತಾರೆ. ಕೊನೆಗೆ ಬಂದವನೇ ನಮ್ಮ ಬಳಿ ಮೊದಲು ತಲುಪುವವನು.

ಚಿತ್ರದಲ್ಲಿದ್ದು ಆ ವಚನಗಳಲ್ಲಿ ಇಲ್ಲದ್ದು ಕಾಲ್ತುಳಿತಕ್ಕೆ ಸಿಕ್ಕ ಜನ. ಕೊಲ್ಲುವ ಅಧಿಕಾರ ಕೊಡಲಾಯಿತು ಎಂದಷ್ಟೇ ಗ್ರಂಥ ಹೇಳುತ್ತದೆ. ಯಾರು ಬಿದ್ದರು, ಹೇಗೆ ಬಿದ್ದರು ಎಂದು ವರ್ಣಿಸುವುದಿಲ್ಲ. ಬಿದ್ದವರನ್ನು ಡ್ಯೂರರ್ ತಮ್ಮ ಕಾಲದ ಉಡುಪಿನಲ್ಲಿ, ಒಬ್ಬರ ಮೇಲೊಬ್ಬರು ಉರುಳಿದಂತೆ, ಚಿತ್ರದ ಕೆಳ ಅಂಚಿನಲ್ಲಿ ತುಂಬಿದ್ದಾರೆ. ಸವಾರರ ಮೇಲೆ ಹಾರುವ ದೇವದೂತನೂ ಆ ವಚನಗಳಲ್ಲಿಲ್ಲ. ಅವನ ಇರವು ಮುಖ್ಯ: ಈ ನಾಶವು ದೇವರ ಕೈಮೀರಿ ನಡೆದದ್ದಲ್ಲ, ಅಪ್ಪಣೆಯ ಮೇರೆಗೆ ನಡೆಯುತ್ತಿದೆ ಎಂಬ ನಂಬಿಕೆಯನ್ನು ಅವನು ಚಿತ್ರದೊಳಗೆ ಇಡುತ್ತಾನೆ. ಸಮಾಧಾನವೂ ಭಯವೂ ಅಲ್ಲಿ ಒಂದೇ ಮೂಲದಿಂದ ಬರುತ್ತವೆ.

ಮೂರನೆಯ ಹೆಜ್ಜೆ: ಸಂಕೇತವನ್ನು ಗುರುತಿಸುವುದು, ಪಟ್ಟಿಯನ್ನು ಅನುಮಾನಿಸುವುದು

ಲಾಂಛನದಿಂದ ವ್ಯಕ್ತಿಯನ್ನು ಗುರುತಿಸುವ ಅಭ್ಯಾಸ ಕನ್ನಡಿಗರಿಗೆ ಹೊಸದಲ್ಲ. ಜಿನಬಿಂಬದ ಪೀಠದಲ್ಲಿ ವೃಷಭವಿದ್ದರೆ ಆದಿನಾಥ, ಸಿಂಹವಿದ್ದರೆ ಮಹಾವೀರ ಎಂದು ನಾವು ಗುರುತಿಸುವಂತೆಯೇ ಕ್ರೈಸ್ತ ಚಿತ್ರದಲ್ಲಿ ಬೀಗದ ಕೈಯಿಂದ ಪೇತ್ರನನ್ನೂ, ಮೊಳೆಬಿಗಿದ ಚಕ್ರದಿಂದ ಸಂತ ಕ್ಯಾಥರೀನಳನ್ನೂ ಗುರುತಿಸುತ್ತಾರೆ. ಕ್ರಿಸ್ತನ ಪ್ರಭಾವಳಿಯೊಳಗೆ ಸಾಮಾನ್ಯವಾಗಿ ಶಿಲುಬೆಯ ಆಕಾರವಿರುತ್ತದೆ, ಸಂತರದು ಬರಿಯ ವೃತ್ತ. ಶಿಲುಬೆಯ ಬುಡದಲ್ಲಿ ತಲೆಬುರುಡೆಯಿದ್ದರೆ ಅದು ಕಪಾಲಸ್ಥಳವೆಂಬ ಗೊಲ್ಗೊಥಾ. ಅಲ್ಲಿಯೇ ಆದಾಮನನ್ನು ಹೂಳಲಾಗಿತ್ತೆಂಬ ಪರಂಪರೆಯ ನಂಬಿಕೆಯಿಂದ ಅದು ಆದಾಮನ ಬುರುಡೆಯೂ ಹೌದು. ದಾಳಗಳು ಕ್ರಿಸ್ತನ ಅಂಗಿಗಾಗಿ ಸೈನಿಕರು ಚೀಟುಹಾಕಿದ್ದನ್ನು, ಹುಂಜವು ಕ್ರಿಸ್ತನನ್ನು ತಾನು ಅರಿಯೆನೆಂದ ಪೇತ್ರನ ನಿರಾಕರಣೆಯನ್ನು ನೆನಪಿಸುತ್ತವೆ.

ಇಷ್ಟನ್ನು ಯಾವ ಕೈಪಿಡಿಯಾದರೂ ಕೊಡುತ್ತದೆ. ತೊಡಕು ಇರುವುದು ಒಂದೇ ವಸ್ತು ಬೇರೆ ಬೇರೆ ಕಡೆ ಬೇರೆ ಬೇರೆ ಅರ್ಥ ಕೊಡುವುದರಲ್ಲಿ. ತಕ್ಕಡಿಯನ್ನೇ ತೆಗೆದುಕೊಳ್ಳಿ. ಕಡೆಯ ತೀರ್ಪಿನ ಚಿತ್ರಗಳಲ್ಲಿ ಪ್ರಧಾನ ದೂತ ಮಿಕಾಯೇಲನು ತಕ್ಕಡಿಯಲ್ಲಿ ಆತ್ಮಗಳನ್ನು ತೂಗುತ್ತಾನೆ. ಅಲ್ಲಿ ಅದು ನ್ಯಾಯದ ತಕ್ಕಡಿ. ಪ್ರಕಟನೆಯ 6ನೇ ಅಧ್ಯಾಯದಲ್ಲಿ ತಕ್ಕಡಿಯ ಸವಾರ ಬಂದಾಗ ಕೇಳುವ ಧ್ವನಿಯು ಗೋದಿಯ ಬೆಲೆ, ಜವೆಗೋದಿಯ ಬೆಲೆ ಹೇಳುತ್ತದೆ: ಒಂದು ದಿನದ ಕೂಲಿಗೆ ಒಂದು ದಿನದ ಹೊಟ್ಟೆಗಾಗುವಷ್ಟೇ ಗೋದಿ. ಅಂದರೆ ಇದು ಅಂಗಡಿಯ ತಕ್ಕಡಿ, ಬರಗಾಲದ ತಕ್ಕಡಿ. ಪಟ್ಟಿಯನ್ನು ನೋಡಿ ‘ತಕ್ಕಡಿ ಎಂದರೆ ನ್ಯಾಯ’ ಎಂದು ಬರೆದುಕೊಂಡವರು ಈ ಸವಾರನನ್ನು ಪೂರ್ತಿ ತಪ್ಪಾಗಿ ಓದುತ್ತಾರೆ. ಕತ್ತಿಯ ಮಾತೂ ಹೀಗೆಯೇ. ಪೌಲನ ಕೈಯಲ್ಲಿ ಅದು ಅವನ ಮರಣದ ಗುರುತು; ಮರಿಯಳ ಎದೆಯಲ್ಲಿ ನಾಟಿದ್ದರೆ ಲೂಕನ 2ನೇ ಅಧ್ಯಾಯದಲ್ಲಿ ಸಿಮೆಯೋನನು ಮುಂತಿಳಿಸಿದ ದುಃಖ; ಎರಡನೆಯ ಸವಾರನ ಕೈಯಲ್ಲಿ ಯುದ್ಧ. ಸಂಕೇತದ ಅರ್ಥವನ್ನು ವಾಕ್ಯಭಾಗವೇ ನಿರ್ಧರಿಸಬೇಕು. ಎರಡನೆಯ ಹೆಜ್ಜೆಯು ಮೂರನೆಯದಕ್ಕಿಂತ ಮುಂಚೆ ಬರಲು ಕಾರಣವೂ ಇದೇ.

ಅರ್ಥದ ಬಗ್ಗೆ ಒಮ್ಮತವಿಲ್ಲದ ಸಂಕೇತಗಳೂ ಇವೆ. ಬಿಳೀ ಕುದುರೆಯ ಬಿಲ್ಲುಗಾರನನ್ನು ಕೆಲವು ವ್ಯಾಖ್ಯಾನಕಾರರು ಕ್ರಿಸ್ತನೆಂದೂ ಸುವಾರ್ತೆಯ ಜಯವೆಂದೂ ಓದಿದ್ದಾರೆ, ಇನ್ನು ಕೆಲವರು ಆಕ್ರಮಣಕಾರನೆಂದು ಓದಿದ್ದಾರೆ. ಅಂಥ ಕಡೆ ಎರಡನ್ನೂ ಬರೆದಿಟ್ಟುಕೊಂಡು ಚಿತ್ರವು ಯಾವುದರ ಕಡೆಗೆ ವಾಲುತ್ತದೆ ಎಂದು ನೋಡಬೇಕು. ಡ್ಯೂರರ್ ಅವರ ಬಿಲ್ಲುಗಾರ ಉಳಿದ ಮೂವರ ಗುಂಪಿನಲ್ಲಿ ಒಬ್ಬನಾಗಿ ಓಡುತ್ತಾನೆ. ಅವನನ್ನು ಬೇರೆಯಾಗಿ ಪೂಜ್ಯನನ್ನಾಗಿಸುವ ಯಾವ ಗುರುತೂ ಅಲ್ಲಿಲ್ಲ. ಇನ್ನೊಂದು ಎಚ್ಚರ ನಮ್ಮ ಕಣ್ಣಿಗೆ ಸಂಬಂಧಿಸಿದ್ದು: ಮೃತ್ಯುವಿನ ಕೈಯಲ್ಲಿ ಮೂರು ಮೊನೆಯ ಕವೆಗೋಲಿದೆ. ಅದನ್ನು ಕಂಡೊಡನೆ ನಮಗೆ ಶಿವನ ತ್ರಿಶೂಲ ನೆನಪಾಗುವುದು ಸಹಜ, ಆದರೆ ಆ ನೆನಪನ್ನು ಚಿತ್ರದೊಳಗೆ ಒಯ್ಯಬಾರದು.

ನಾಲ್ಕನೆಯ ಹೆಜ್ಜೆ: ಭಾವ ಎಲ್ಲಿಂದ ಬರುತ್ತಿದೆ ಎಂದು ಪರೀಕ್ಷಿಸುವುದು

ಇಲ್ಲಿ ಎರಡು ಖಾಲಿ ಕಾಗದದ ತುಂಡುಗಳು ಬೇಕು. ಮೊದಲು ಚಿತ್ರದ ಕೆಳಭಾಗದಲ್ಲಿ ಬಿದ್ದಿರುವ ಜನರನ್ನು ಮುಚ್ಚಿರಿ. ಉಳಿದದ್ದು ಹೆಚ್ಚುಕಡಿಮೆ ಒಂದು ವಿಜಯಯಾತ್ರೆ: ಒಳ್ಳೆಯ ಕುದುರೆಗಳು, ಎತ್ತಿದ ಕತ್ತಿ, ಮೇಲೆ ದೇವದೂತ. ಈಗ ಜನರನ್ನು ತೆರೆದು ಸವಾರರನ್ನು ಮುಚ್ಚಿರಿ. ಏತಕ್ಕೆ ಎಂದು ತಿಳಿಯದ ಆಕ್ರಂದನವೊಂದು ಉಳಿಯುತ್ತದೆ, ತೆರೆದ ಬಾಯಿಗಳು, ಎತ್ತಿದ ಕೈ. ಎರಡನ್ನೂ ತೆರೆದಾಗಲೇ ಚಿತ್ರದ ಭಾವ ಹುಟ್ಟುವುದು: ಸವಾರರು ಕೆಳಗೆ ನೋಡುತ್ತಿಲ್ಲ. ಮೂವರ ದೃಷ್ಟಿ ಮುಂದಕ್ಕೇ ಇದೆ. ಅವರಲ್ಲಿ ಕೋಪವಿಲ್ಲ, ದ್ವೇಷವಿಲ್ಲ. ಕೆಳಗಿರುವವರು ಅವರ ಪಾಲಿಗೆ ಇಲ್ಲವೇ ಇಲ್ಲ.

ಆಮೇಲೆ ಮೃತ್ಯುವನ್ನೊಬ್ಬನನ್ನೇ ಮುಚ್ಚಿ ನೋಡಿರಿ, ಮತ್ತೆ ಅವನನ್ನೊಬ್ಬನನ್ನೇ ಬಿಟ್ಟು ಉಳಿದವರನ್ನು ಮುಚ್ಚಿರಿ. ಮೂವರು ಪುಷ್ಟರು, ಅವರ ಕುದುರೆಗಳೂ ಪುಷ್ಟ. ಮೃತ್ಯುವಾದರೋ ಗಡ್ಡ ಬೆಳೆದ, ಎಲುಬು ಚರ್ಮ ಅಂಟಿದ ಮುದುಕ, ಅವನ ಕುದುರೆಯೂ ಬಡಕಲು. ಡ್ಯೂರರ್ ಅವನನ್ನು ಬರಿಯ ಅಸ್ಥಿಪಂಜರವಾಗಿ ಬರೆದಿಲ್ಲ. ಅಸ್ಥಿಪಂಜರ ಬರಿಯ ಕಲ್ಪನೆಯಾಗಿ ದೂರ ಉಳಿಯುತ್ತದೆ. ಹಸಿದ ಮುದುಕನನ್ನು ನಾವು ಬೀದಿಯಲ್ಲಿ ಕಂಡಿರುತ್ತೇವೆ. ಅವನ ಕೆಳಗೆ, ಚಿತ್ರದ ಎಡಮೂಲೆಯಲ್ಲಿ, ಪಾತಾಳವು ಬಾಯ್ದೆರೆದ ಮೃಗವಾಗಿ ಕಿರೀಟಧಾರಿಯೊಬ್ಬನನ್ನು ನುಂಗುತ್ತಿದೆ. ಇಷ್ಟಾದರೂ ನನ್ನ ಮಟ್ಟಿಗೆ ಚಿತ್ರದಲ್ಲಿ ಅತ್ಯಂತ ಭಯಂಕರನಾದವನು ಮೃತ್ಯುವಲ್ಲ, ತಕ್ಕಡಿಯವನು. ಒಳ್ಳೆಯ ಬಟ್ಟೆ ತೊಟ್ಟು, ಮೈ ತುಂಬಿಕೊಂಡು, ತಕ್ಕಡಿಯನ್ನು ಹಿಂದಕ್ಕೆ ಬೀಸಿ ಹಿಡಿದು, ಚಿತ್ರದ ನಟ್ಟನಡುವೆ ಕುಳಿತಿದ್ದಾನೆ. ತಕ್ಕಡಿಯ ಬಟ್ಟಲುಗಳು ಗಾಳಿಗೆ ಹಾರುತ್ತಿವೆ, ಅವುಗಳಲ್ಲಿ ಏನನ್ನೂ ತೂಗಲಾಗುತ್ತಿಲ್ಲ. ಬರಗಾಲವನ್ನು ಹೊಟ್ಟೆ ತುಂಬಿದವನ ರೂಪದಲ್ಲಿ ತೋರಿಸಿದ ಆ ಆಯ್ಕೆಯಲ್ಲಿ ಸಂಕೇತವೂ ಭಾವವೂ ಬೇರ್ಪಡಿಸಲಾಗದಂತೆ ಕೂಡಿಕೊಂಡಿವೆ.

ರೂಢಿಯಿಂದ ಕಲಾವಿದ ಎಲ್ಲಿ ಸರಿದನೆಂದು ತಿಳಿಯಲು ಹಿಂದಿನ ಚಿತ್ರಗಳೊಡನೆ ಹೋಲಿಸಬೇಕು. ಕಲೋನ್‌ನಲ್ಲಿ 1470ರ ದಶಕದ ಕೊನೆಯ ಹೊತ್ತಿಗೆ ಅಚ್ಚಾದ ಸಚಿತ್ರ ಬೈಬಲಿನಲ್ಲಿ ಈ ಸವಾರರ ಚಿತ್ರವಿತ್ತು. ಅದೇ ಹಲಗೆಗಳನ್ನು ಬಳಸಿ ಆಂಟನ್ ಕೋಬರ್ಗರ್ 1483ರಲ್ಲಿ ನ್ಯೂರೆಂಬರ್ಗಿನಲ್ಲಿ ಬೈಬಲನ್ನು ಮುದ್ರಿಸಿದರು. ಕೋಬರ್ಗರ್ ಡ್ಯೂರರ್ ಅವರ ಧರ್ಮಪಿತ. ಆ ಹಳೆಯ ಚಿತ್ರದಲ್ಲಿ ಎಲ್ಲ ವಿವರಗಳೂ ಇವೆ, ಯಾವ ಸಂಕೇತಕ್ಕೂ ಕೊರತೆಯಿಲ್ಲ, ಆದರೆ ಸವಾರರು ಬಿಡಿಬಿಡಿಯಾಗಿ ಉಳಿಯುತ್ತಾರೆ. ಅವರನ್ನು ಒಂದೇ ಅಲೆಯಾಗಿ ಕೂಡಿಸಿದ್ದು ಡ್ಯೂರರ್. ಸಂಕೇತಗಳು ಎರಡರಲ್ಲೂ ಅವೇ. ಭಾವದ ವ್ಯತ್ಯಾಸ ಪೂರ್ತಿಯಾಗಿ ಜೋಡಣೆಯಿಂದ ಬಂದದ್ದು.

ಐದನೆಯ ಹೆಜ್ಜೆ: ಆ ಹಾಳೆ ಯಾರ ಕೈಯಲ್ಲಿತ್ತು ಎಂದು ಕೇಳುವುದು

ಧಾರ್ಮಿಕ ಮುದ್ರಣದ ಭಾವವು ಅದರ ಬಳಕೆಯನ್ನು ಅವಲಂಬಿಸಿದೆ. 1423ರ ದಿನಾಂಕವಿರುವ ಸಂತ ಕ್ರಿಸ್ಟೋಫರನ ಮರದಚ್ಚು ಈಗ ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿದೆ. ಬುಕ್ಸ್‌ಹೈಮ್ ಮಠದ ಹಸ್ತಪ್ರತಿಯೊಂದರ ರಟ್ಟಿನ ಒಳಬದಿಗೆ ಅಂಟಿಸಿದ್ದ ಹಾಳೆ ಅದು. ಕ್ರಿಸ್ಟೋಫರನ ಮುಖವನ್ನು ನೋಡಿದ ದಿನ ದುರ್ಮರಣ ಬಾರದು ಎಂಬ ಅರ್ಥದ ಲ್ಯಾಟಿನ್ ಸಾಲುಗಳು ಅದರ ಅಡಿಯಲ್ಲಿಯೇ ಕೆತ್ತಲ್ಪಟ್ಟಿವೆ. ಆ ಹಾಳೆಯ ಮುಂದೆ ನಿಂತವರು ಕಲಾಕೃತಿಯನ್ನು ಮೆಚ್ಚಲು ಬಂದವರಲ್ಲ, ಆ ದಿನದ ರಕ್ಷಣೆಯನ್ನು ಬೇಡಲು ಬಂದವರು. ಇದನ್ನು ತಿಳಿದ ಮೇಲೆ ಸಂತನ ಮುಖದ ನೇರವಾದ, ಅಲಂಕಾರವಿಲ್ಲದ ಗೆರೆಗಳ ಬಗ್ಗೆ ‘ಒರಟು’ ಎಂಬ ಮಾತು ನಮ್ಮ ಬಾಯಿಗೆ ಬರುವುದಿಲ್ಲ.

ಡ್ಯೂರರ್ ಅವರದು ಬೇರೆ ಬಗೆಯ ಬಳಕೆ. ‘ನಾಲ್ವರು ಕುದುರೆ ಸವಾರರು’ ಸೇರಿದ್ದ, ಪ್ರಕಟನೆ ಗ್ರಂಥದ 15 ಚಿತ್ರಗಳ ಪುಸ್ತಕವನ್ನು 1498ರಲ್ಲಿ ಅವರೇ ಜರ್ಮನ್ ಮತ್ತು ಲ್ಯಾಟಿನ್ ಆವೃತ್ತಿಗಳಲ್ಲಿ ಪ್ರಕಟಿಸಿದರು. ಆಗ ಅವರಿಗೆ 27 ವರ್ಷ ವಯಸ್ಸು. ಗ್ರಂಥಪಾಠವನ್ನು ಚಿತ್ರಗಳ ಹಿಂಬದಿಯಲ್ಲಿ ಅಚ್ಚುಮಾಡಿದ್ದರಿಂದ ಪುಸ್ತಕ ತೆರೆದಾಗ ಒಂದು ಬದಿಯಲ್ಲಿ ಪಾಠ, ಇನ್ನೊಂದು ಬದಿಯಲ್ಲಿ ಪುಟದ ತುಂಬ ಚಿತ್ರ. 1494ರಲ್ಲಿ ನ್ಯೂರೆಂಬರ್ಗಿಗೆ ಪ್ಲೇಗ್ ಬಂದಿತ್ತು, 1500ನೇ ವರ್ಷ ಹತ್ತಿರವಾಗುತ್ತಿತ್ತು, ಲೋಕಾಂತ್ಯದ ಮಾತು ಜನರ ನಡುವೆ ಇತ್ತು. ಆ ಊರಿನ ಓದುಗನಿಗೆ ಬಡಕಲು ಕುದುರೆಯ ಸವಾರ ಉಪಮೆಯಾಗಿರಲಿಲ್ಲ, ನಾಲ್ಕು ವರ್ಷದ ಹಿಂದಿನ ನೆನಪಾಗಿದ್ದ.

ಅದೇ ಹೆಜ್ಜೆಗಳಲ್ಲಿ 1918ರ ಕ್ರಿಸ್ತನ ಕಡೆಗೆ

ಕಾರ್ಲ್ ಶ್ಮಿಟ್-ರೊಟ್ಲುಫ್ 1884ರಲ್ಲಿ ಕೆಮ್ನಿಟ್ಸ್ ಬಳಿಯ ರೊಟ್ಲುಫ್ ಎಂಬ ಊರಿನಲ್ಲಿ ಹುಟ್ಟಿದವರು, 1905ರಲ್ಲಿ ಡ್ರೆಸ್ಡೆನ್ನಿನಲ್ಲಿ ‘ಸೇತುವೆ’ ಎಂಬ ಅರ್ಥದ ಹೆಸರಿನ ಕಲಾವಿದರ ಬಳಗವನ್ನು ಕಟ್ಟಿದವರಲ್ಲಿ ಒಬ್ಬರು. ಮೊದಲ ಮಹಾಯುದ್ಧದಲ್ಲಿ ಪೂರ್ವ ರಣರಂಗದ ಕಡೆ ಸೈನ್ಯದಲ್ಲಿದ್ದು ಮರಳಿದ ವರ್ಷವೇ ಬೈಬಲಿನ ವಸ್ತುಗಳ ಮೇಲೆ ಒಂಬತ್ತು ವುಡ್‌ಕಟ್‌ಗಳ ಮಾಲೆಯನ್ನು ಮಾಡಿದರು. ಕ್ರಿಸ್ತನ ಮುಖ ಅದರಲ್ಲೊಂದು.

ಮೊದಲು ಕೆತ್ತನೆ. ಡ್ಯೂರರ್ ಅವರ ನಯವಾದ ಗೆರೆ ಇಲ್ಲಿಲ್ಲ. ಮುಖವು ಹಾಳೆಯನ್ನು ಅಂಚಿನಿಂದ ಅಂಚಿಗೆ ತುಂಬಿದೆ, ಉದ್ದ ಮೂಗು, ದಪ್ಪ ತುಟಿ, ಚೂಪು ಕೋನಗಳು. ಆಫ್ರಿಕಾದ ಮರದ ಮುಖವಾಡಗಳನ್ನು ಆ ಬಳಗದವರು ಮೆಚ್ಚಿ ನೋಡುತ್ತಿದ್ದರೆಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗೆರೆ ಎಳೆದಂತೆ ತೋರುವುದಿಲ್ಲ, ಸೀಳಿದಂತೆ ತೋರುತ್ತದೆ. ತಲೆಯ ಸುತ್ತ ಕಿರಣಗಳಿವೆ, ಅವೂ ಅದೇ ಬಿರುಸಿನಲ್ಲಿ ಕೆತ್ತಿದವು.

ಆಮೇಲೆ ವಾಕ್ಯಭಾಗ. ಚಿತ್ರದ ಅಡಿಯಲ್ಲಿ, ಅದೇ ಹಲಗೆಯಲ್ಲಿ, ಜರ್ಮನ್ ಸಾಲೊಂದನ್ನು ಕೆತ್ತಲಾಗಿದೆ: ನಿಮಗೆ ಕ್ರಿಸ್ತನು ಕಾಣಿಸಿಕೊಳ್ಳಲಿಲ್ಲವೇ ಎಂಬುದು ಅದರ ಅರ್ಥ. ಹೀಗೆ ಕೇಳುವುದರಿಂದ ಚಿತ್ರವು ಪುನರುತ್ಥಾನದ ಬಳಿಕದ ಪ್ರಸಂಗಗಳಿಗೆ ತಾಗುತ್ತದೆ. ಲೂಕನ 24ನೇ ಅಧ್ಯಾಯದಲ್ಲಿ ಎಮ್ಮಾಹು ಎಂಬ ಊರಿಗೆ ಹೋಗುತ್ತಿದ್ದ ಇಬ್ಬರು ಶಿಷ್ಯರ ಜೊತೆ ಕ್ರಿಸ್ತನು ನಡೆದರೂ ಅವರು ಗುರುತಿಸಲಿಲ್ಲ. ಅದೇ ಮಾಲೆಯಲ್ಲಿ ಎಮ್ಮಾಹುವಿನ ದಾರಿಯ ಚಿತ್ರವೂ ಇರುವುದರಿಂದ ಈ ಓದು ದೂರದ ಊಹೆಯಲ್ಲ. ಎರಡನ್ನೂ ಒಟ್ಟಿಗೆ ನೋಡಿರಿ.

ಸಂಕೇತದ ಕಡೆ ಬಂದರೆ, ಹಣೆಯ ಮೇಲೆ 1918 ಎಂದು ಕೆತ್ತಿದೆ. ಕ್ರಿಸ್ತನ ಹಣೆಯಲ್ಲಿ ನಮ್ಮ ಕಣ್ಣು ಮುಳ್ಳಿನ ಕಿರೀಟವನ್ನು ಹುಡುಕುತ್ತದೆ. ಸಿಗುವುದು ಒಂದು ವರ್ಷ. ರೂಢಿಯಿಂದ ಸರಿದ ಜಾಗ ಇದು, ಆದ್ದರಿಂದ ಇಲ್ಲಿಯೇ ಹೆಚ್ಚು ಹೊತ್ತು ನಿಲ್ಲಬೇಕು. ಯುದ್ಧದ ಆ ವರ್ಷವೇ ಮುಳ್ಳಾಗಿ ನಾಟಿದೆ ಎಂದು ನಾನು ಓದುತ್ತೇನೆ. ಆ ವರ್ಷವೇ ದರ್ಶನದ ವರ್ಷ, ನೀವು ನೋಡಲಿಲ್ಲ ಎಂಬ ಆರೋಪವಾಗಿಯೂ ಓದಬಹುದು, ಅಡಿಯ ಪ್ರಶ್ನೆ ಅದಕ್ಕೆ ಬೆಂಬಲ ಕೊಡುತ್ತದೆ. ಎರಡು ಕಣ್ಣುಗಳು ಒಂದೇ ತೆರನಾಗಿಲ್ಲ. ಒಂದು ತೆರೆದು ನೋಡುತ್ತದೆ, ಇನ್ನೊಂದು ಮುಚ್ಚಿದಂತಿದೆ. ಒಂದೊಂದು ಕಣ್ಣನ್ನೇ ಬೆರಳಿನಿಂದ ಮುಚ್ಚಿ ನೋಡಿದರೆ ಒಂದೇ ಮುಖದಲ್ಲಿ ಸತ್ತವನೂ ಎದ್ದುಬಂದವನೂ ಬೇರೆ ಬೇರೆಯಾಗಿ ಕಾಣಿಸುತ್ತಾರೆ. ಡ್ಯೂರರ್ ಅವರ ಸವಾರರು ನಮ್ಮನ್ನು ನೋಡದೆ ಭಯ ಹುಟ್ಟಿಸಿದರು. ಈ ಮುಖ ನೇರವಾಗಿ ನೋಡುತ್ತ ಉತ್ತರವನ್ನು ಕೇಳುತ್ತದೆ.

ಮುಂದೆ ಈ ಕಲಾವಿದರ 600ಕ್ಕೂ ಹೆಚ್ಚು ಕೃತಿಗಳನ್ನು ನಾಜಿ ಆಡಳಿತ ಜರ್ಮನಿಯ ಸಂಗ್ರಹಾಲಯಗಳಿಂದ ಕಿತ್ತುಕೊಂಡಿತು, 1941ರಲ್ಲಿ ಚಿತ್ರ ಬರೆಯುವುದನ್ನೇ ನಿಷೇಧಿಸಿತು. ಈ ಸಂಗತಿಯನ್ನು ತಿಳಿದಿರಬೇಕು, ಆದರೆ 1918ರ ಮುಖದೊಳಗೆ 1941ನ್ನು ಓದಬಾರದು.

ಆರನೆಯ ಹೆಜ್ಜೆ: ಒಂದು ಕಣ್ಣನ್ನು ಕೆತ್ತಿ ನೋಡುವುದು

ಕೆತ್ತನೆಯನ್ನು ಓದುವ ಕಣ್ಣು ಕೈಯ ಅನುಭವದಿಂದ ಬೇಗ ಪಳಗುತ್ತದೆ. ಅಂಗೈಯಗಲದ ಎರಡು ಲಿನೋಲಿಯಂ ತುಂಡು ಅಥವಾ ಮೆದುವಾದ ಮರದ ಹಲಗೆ, ವಿ ಆಕಾರದ ಉಳಿ, ರಬ್ಬರ್ ರೋಲರ್, ಮುದ್ರಣದ ಕಪ್ಪು ಮಸಿ, ತೆಳು ಕಾಗದ ಸಾಕು. ಪ್ರೆಸ್ ಬೇಕಿಲ್ಲ, ಕಾಗದದ ಬೆನ್ನನ್ನು ಚಮಚದ ಬೆನ್ನಿನಿಂದ ಉಜ್ಜಿದರೆ ಅಚ್ಚು ಬೀಳುತ್ತದೆ. ಉಳಿ ಹೋಗುವ ದಿಕ್ಕಿನಲ್ಲಿ ಎಂದೂ ಇನ್ನೊಂದು ಕೈಯನ್ನು ಇಡಬೇಡಿರಿ.

ಎರಡೂ ತುಂಡುಗಳ ಮೇಲೆ ಅದೇ ಕಣ್ಣನ್ನು ಬರೆಯಿರಿ. ಒಂದರಲ್ಲಿ ಗೆರೆಯನ್ನು ಉಳಿಸಿ ಸುತ್ತಲಿನದನ್ನು ತೆಗೆಯಿರಿ, ಇನ್ನೊಂದರಲ್ಲಿ ಗೆರೆಯನ್ನೇ ತೋಡಿ ಉಳಿದದ್ದನ್ನು ಹಾಗೆಯೇ ಬಿಡಿರಿ. ಮೊದಲನೆಯದು ಬಿಳಿಯ ಮೇಲೆ ಕಪ್ಪು ಗೆರೆ, ಎರಡನೆಯದು ಕತ್ತಲೆಯೊಳಗಿನ ಬಿಳಿ ಗೆರೆ. ಆಕಾರ ಒಂದೇ ಆದರೂ ನೋಟ ಬೇರೆ. ಮೊದಲನೆಯದನ್ನು ಕೆತ್ತುವಾಗ ತೆಳು ಗೆರೆ ಒಡೆಯದಂತೆ ಕಾಯುವ ಆತಂಕ ಕೈಗೆ ತಿಳಿಯುತ್ತದೆ, ಎರಡನೆಯದರಲ್ಲಿ ಉಳಿಯ ಒಂದೇ ತಳ್ಳಿಗೆ ಬೆಳಕು ಬೀಳುತ್ತದೆ. ಇದಾದ ಮೇಲೆ ಡ್ಯೂರರ್ ಅವರ ಆಕಾಶದ ಅಡ್ಡಗೆರೆಗಳನ್ನು ಮತ್ತೊಮ್ಮೆ ನೋಡಿರಿ.

ಬರೆದಿಡುವುದು, ಮತ್ತು ಮುಂದಿನ ಚಿತ್ರ

ನಿಮ್ಮ ಓದನ್ನು ಬರೆಯುವಾಗ ಕಂಡದ್ದನ್ನೂ ತಿಳಿದದ್ದನ್ನೂ ಅನಿಸಿದ್ದನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಇಡಿರಿ. ‘ತಕ್ಕಡಿಯವನು ಮುಂದಕ್ಕೆ ನೋಡುತ್ತಾನೆ’ ಎಂಬುದು ಕಂಡದ್ದು, ‘ತಕ್ಕಡಿ ಬರಗಾಲದ್ದು’ ಎಂಬುದು ಪ್ರಕಟನೆಯಿಂದ ತಿಳಿದದ್ದು, ‘ಅವನೇ ಅತ್ಯಂತ ಭಯಂಕರ’ ಎಂಬುದು ಅನಿಸಿದ್ದು. ಮೂರನೆಯದಕ್ಕೆ ಮೊದಲೆರಡರ ಆಧಾರ ಇಲ್ಲದಿದ್ದರೆ ಮತ್ತೆ ಚಿತ್ರಕ್ಕೆ ಹಿಂದಿರುಗಿರಿ.

ಅಭ್ಯಾಸಕ್ಕೆ ಮುಂದಿನ ಚಿತ್ರವಾಗಿ ಜರ್ಮನ್ ಕಲಾವಿದೆ ಕೇಥೆ ಕೋಲ್ವಿಟ್ಸ್ ಅವರು ಕಾರ್ಲ್ ಲೀಬ್‌ಕ್ನೆಖ್ಟ್ ಅವರ ನೆನಪಿಗೆ ಮಾಡಿದ ಮರದಚ್ಚನ್ನು ತೆಗೆದುಕೊಳ್ಳಿ. 1919ರ ಜನವರಿ 15ರಂದು ಕೊಲೆಯಾದ ಸಮಾಜವಾದಿ ನಾಯಕನ ಶವದ ಸುತ್ತ ಕಾರ್ಮಿಕರು ಬಾಗಿ ನಿಂತಿರುವ ಚಿತ್ರ ಅದು. ಕೋಲ್ವಿಟ್ಸ್ ಮೊದಲು ಅದನ್ನು ಎಚ್ಚಿಂಗ್‌ನಲ್ಲಿಯೂ (ಲೋಹದ ತಗಡನ್ನು ಆಮ್ಲದಿಂದ ಕೊರೆದು ಒತ್ತುವ ಅಚ್ಚು) ಕಲ್ಲಚ್ಚಿನಲ್ಲಿಯೂ ಪ್ರಯತ್ನಿಸಿ, ಜರ್ಮನ್ ಶಿಲ್ಪಿ ಅರ್ನ್ಸ್ಟ್ ಬಾರ್ಲಾಖ್ ಅವರ ವುಡ್‌ಕಟ್‌ಗಳನ್ನು ಕಂಡ ಮೇಲೆ ಮರಕ್ಕೆ ತಿರುಗಿದರು. ಅಲ್ಲಿ ಶಿಲುಬೆಯಾಗಲಿ ಪ್ರಭಾವಳಿಯಾಗಲಿ ಬೈಬಲಿನ ವಚನವಾಗಲಿ ಇಲ್ಲ. ಆದರೂ ಮಲಗಿದ ದೇಹ, ಅದರ ಮೇಲೆ ಬಾಗಿದ ತಲೆಗಳ ಸಾಲು, ಎದೆಯ ಮೇಲಿಟ್ಟ ಕೈ, ಇವೆಲ್ಲ ಶಿಲುಬೆಯಿಂದ ಇಳಿಸಿದ ಕ್ರಿಸ್ತನಿಗಾಗಿ ಅಳುವ ಹಳೆಯ ಚಿತ್ರಗಳ ಜೋಡಣೆಯನ್ನೇ ಹಿಡಿದಿವೆ. ಡ್ಯೂರರ್ ಅವರ ‘ದೊಡ್ಡ ಯಾತನೆ’ ಮಾಲೆಯಲ್ಲಿನ ಶೋಕದ ಚಿತ್ರವನ್ನು ಪಕ್ಕದಲ್ಲಿಟ್ಟು, ಯಾವ ಕೈ ಎಲ್ಲಿದೆ, ಯಾವ ತಲೆ ಯಾವ ಕಡೆಗೆ ಬಾಗಿದೆ ಎಂಬುದರಿಂದ ಹೋಲಿಕೆಯನ್ನು ಆರಂಭಿಸಿರಿ.